ರಾಜನ ಹುಣ್ಣಿಗೆ ಅಂಜೂರ

ಹೊಸ ವರ್ಷದ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಸಭೆಗಳಲ್ಲಿ ಒಂದು ತಟ್ಟೆ ಸುತ್ತಿಬರುತ್ತದೆ. ಅದರ ತುಂಬ ಮಡಿಸಿದ ಚೀಟಿಗಳು. ಒಂದೊಂದರಲ್ಲೂ ಬೈಬಲಿನ ಒಂದು ವಚನ. ಕಣ್ಣುಮುಚ್ಚಿ ಎತ್ತಿಕೊಂಡದ್ದೇ ಆ ವರ್ಷದ ವಾಗ್ದಾನ. ಇದನ್ನು ನಾನು ಬಹುಕಾಲ ಮಕ್ಕಳಾಟವೆಂದು ಸಹಿಸಿದೆ. ಖಾನಾಪುರದ ನನ್ನ ತಂಗಿಗೆ ಬಂದ ಚೀಟಿಯನ್ನು ಮಾತ್ರ ಸಹಿಸಲಾಗಲಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ. ಕಾಲಿನ ಬೆರಳೊಂದರಲ್ಲಿ ಹುಣ್ಣಾಗಿತ್ತು. ಚೀಟಿಯಲ್ಲಿದ್ದದ್ದು, ಗುಣಪಡಿಸುವುದಾಗಿ ದೇವರು ಕೊಟ್ಟ ಮಾತು. ಇನ್ನು ಸೂಜಿ ಚುಚ್ಚಿಕೊಂಡರೆ ಅದು ಅಪನಂಬಿಕೆ ಎಂದು ಅವರ ಪ್ರಾರ್ಥನಾ ಗುಂಪಿನ ಮುಖಂಡ ಹೇಳಿದನಂತೆ. ಅವಳು ಇನ್ಸುಲಿನ್ ನಿಲ್ಲಿಸಿಬಿಟ್ಟಳು. ಫೆಬ್ರವರಿ ಮುಗಿಯುವ ಹೊತ್ತಿಗೆ ಇದನ್ನೆಲ್ಲ ಫೋನಿನಲ್ಲಿ ಸಂತೋಷದಿಂದ ನನಗೆ ಹೇಳಿದಳು. ಮರುದಿನವೇ ಬೆಳಗಾವಿಯಿಂದ ಬಸ್ಸು ಹತ್ತಿದೆ.

ಬಾಗಿಲಲ್ಲೇ ಹುಣ್ಣಿನ ವಾಸನೆ. ಮುಖಂಡ ಒಳಗೆ ಕುಳಿತು ಚಹಾ ಕುಡಿಯುತ್ತಿದ್ದ.

"ಬರ್ರಿ ಅಕ್ಕಾರ, ಕುಂದರ್ರಿ. ನಿಮ್ಮ ತಂಗಿ ನಂಬಿಕಿ ನೋಡ್ರಿ, ಎಷ್ಟ್ ಗಟ್ಟಿ ಐತಿ!"

"ನಂಬಿಕಿ ಗಟ್ಟಿ ಐತಿ, ಕಾಲು ಕೊಳ್ಯಾಕತ್ತೈತಿ. ಆ ವಚನದ ಅಧ್ಯಾಯ ನೀವು ಓದೀರೇನು?"

"ಓದೂದೇನೈತ್ರಿ? ದೇವರ ಮಾತು ಅಂದ್ರ ದೇವರ ಮಾತು."

ನನ್ನ ಮೈ ಉರಿಯಿತು. ನಾನು ಬೆಳೆದ ಬೋರ್ಡಿಂಗ್‌ನಲ್ಲಿ ಬೆಳಿಗ್ಗೆ ಗಂಟೆ ಹೊಡೆದೊಡನೆ ಬೈಬಲ್ ತೆರೆಯಬೇಕಿತ್ತು. ಒಂದೇ ವಚನ ಓದಿ ಮುಚ್ಚಿದವಳಿಗೆ ತಿಂಡಿ ತಡವಾಗುತ್ತಿತ್ತು. ಇದನ್ನು ಯಾರು ಯಾರಿಗೆ ಹೇಳಿದರು, ಆಗ ಅವರಿಗೆ ಬಂದ ಕಷ್ಟವೇನು, ಮುಂದೇನಾಯಿತು ಎಂದು ವಾರ್ಡನ್ ಕೇಳುತ್ತಿದ್ದರು. ಅದು ಗೊತ್ತಿಲ್ಲದೆ ಅರ್ಥ ಹೇಳಹೊರಟವಳನ್ನು ಕೂರಿಸಿಬಿಡುತ್ತಿದ್ದರು. ಮನೆಗೆ ಬಂದ ಕಾಗದದಲ್ಲಿ ನಡುವಿನ ಒಂದು ಸಾಲು ಓದಿ ಎತ್ತಿಡುವವರು ಯಾರಿದ್ದಾರೆ? ದೇವರ ವಾಕ್ಯಕ್ಕೆ ಮಾತ್ರ ಈ ಅವಮರ್ಯಾದೆ ಏಕೆ?

ಬೈಬಲನ್ನು ತಂಗಿಯ ಮಡಿಲಲ್ಲಿಟ್ಟೆ. "ಅಧ್ಯಾಯ ಮೊದಲಿಂದ ಓದು. ಜೋರಾಗಿ ಓದು."

ಓದಿದಳು. ಆ ಮಾತು ಬಂದದ್ದು ಒಬ್ಬ ರಾಜನಿಗೆ. ಸಾವು ಹತ್ತಿರವಾದಾಗ ಗೋಡೆಯ ಕಡೆ ತಿರುಗಿ ಅತ್ತಿದ್ದ ಆತನಿಗೆ ಪ್ರವಾದಿಯೊಬ್ಬ ಅದನ್ನು ತಿಳಿಸಿದ್ದ. ತಂಗಿ ಚೀಟಿಯ ಸಾಲನ್ನು ದಾಟಿದಳು. ಸ್ವಲ್ಪ ಮುಂದೆ ಅವಳ ದನಿ ನಿಂತಿತು. ಅದೇ ಪ್ರವಾದಿ ಅಂಜೂರದ ಹಣ್ಣಿನ ಉಂಡೆ ತರಿಸಿ ರಾಜನ ಹುಣ್ಣಿನ ಮೇಲೆ ಇಡಿಸಿದ್ದ.

"ಅಕ್ಕಾ, ಔಷಧ ಹಚ್ಚ್ಯಾರಲ್ಲ!"

"ಖರೇ. ದೇವರು ಮಾತು ಕೊಟ್ಟ ಮ್ಯಾಲೂ ಹಚ್ಚ್ಯಾರ."

ಮುಖಂಡ ಕಪ್ಪು ಕೆಳಗಿಟ್ಟ. "ಅದು ಹಳೇ ಕಾಲದ್ದು ಬಿಡ್ರಿ ಅಕ್ಕಾರ."

"ವಾಗ್ದಾನ ಈ ವರ್ಷದ್ದು, ಔಷಧ ಹಳೇ ಕಾಲದ್ದೇನು? ಎರಡೂ ಒಂದ ಪುಟದಾಗ ಅದಾವ!"

ಅಂದೇ ತಂಗಿಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆತಂದೆ. ಸೂಜಿ ಮತ್ತೆ ಶುರುವಾಯಿತು. ಕಾಲು ಉಳಿಯಿತು, ಬೆರಳು ಉಳಿಯಲಿಲ್ಲ. ಮೊದಲೇ ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದರು ವೈದ್ಯರು.

ಮುಖಂಡ ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದ. "ನಮ್ಮ ಪ್ರಾರ್ಥನಿಯಿಂದ ಕಾಲು ಉಳೀತು ನೋಡ್ರಿ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಕೇಳಿದಳು:

"ಬೆರಳು ಯಾರಿಂದ ಹೋತ್ರಿ ಅಣ್ಣಾರ?"

ಬಸ್ಸಿಗೆ ಹೊತ್ತಾಯಿತೆಂದು ಆತ ಎದ್ದ.