ಎಂಟು ದಿನ ಕುಡಿದ ನೀರು

ಮೂತ್ರನಾಳದಲ್ಲಿ ಸಿಕ್ಕಿಕೊಂಡಿದ್ದ ಕಲ್ಲನ್ನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಒಡೆದು ತೆಗೆದರು. ಮೂರನೆಯ ದಿನ ಮನೆಗೆ ಕಳಿಸುವಾಗ ಒಳಗೆ ಸ್ಟೆಂಟ್ ಎಂಬ ತೆಳುವಾದ ಕೊಳವೆಯೊಂದು ಉಳಿದಿತ್ತು. ಕೆಲವು ವಾರ ಇರಬೇಕು, ಅಲ್ಲಿಯತನಕ ನೋವು, ಉರಿ ಇದ್ದೇ ಇರುತ್ತದೆ, ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂದರು ವೈದ್ಯರು. ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಹಾಗೆಂದು ಬರೆಯುವಾಗ ಈಗ ಕೈ ಹಿಂಜರಿಯುತ್ತದೆ. ಆದರೆ ಇದು ಡಿಸ್ಚಾರ್ಜ್ ಚೀಟಿಯಲ್ಲೂ ಇದೆ, ನೋಡಿಕೊಂಡೇ ಬರೆದಿದ್ದೇನೆ.

ನನಗೆ ಇನ್ನೊಂದು ತೊಡಕಿದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ನನ್ನ ಕರುಳಿಗೆ ಆಗದು. ಆರು ವರ್ಷದಿಂದ ಚಪಾತಿ, ಉಪ್ಪಿಟ್ಟು, ಶಾವಿಗೆ, ಬಿಸ್ಕತ್ತು ಯಾವುದನ್ನೂ ಮುಟ್ಟಿಲ್ಲ. ಅಂಗಡಿಯ ಇಂಗಿಗೆ ಗೋಧಿಹಿಟ್ಟು ಬೆರೆಸಿರುತ್ತಾರೆಂದು ತಿಳಿದ ಮೇಲೆ ಒಗ್ಗರಣೆಯಿಂದ ಇಂಗೂ ಹೋಯಿತು. ಆಸ್ಪತ್ರೆಯ ಪಕ್ಕದ ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆಗಳನ್ನು ಹಿಡಿದುಕೊಂಡು, ಇದಕ್ಕೆ ಹಾಕಿರುವ ಪಿಷ್ಟ ಯಾವ ಧಾನ್ಯದ್ದು ಎಂದು ಕೇಳಿದೆ.

“ಸಾರ್, ಇಪ್ಪತ್ತು ವರ್ಷದಿಂದ ಮಾತ್ರೆ ಮಾರ್ತಿದೀನಿ. ಇದನ್ನ ಚಪಾತಿ ಹಿಟ್ನಲ್ಲಿ ಮಾಡಿದಾರಾ ಅಂತ ಕೇಳಿದೋರು ನೀವೇ ಮೊದಲು,” ಎಂದ ಅಂಗಡಿಯವನು.

ಆದರೂ ಎಲ್ಲಿಗೋ ಫೋನ್ ಮಾಡಿ, ಮುಸುಕಿನ ಜೋಳದ್ದು ಎಂದು ತಿಳಿದುಕೊಂಡು ಹೇಳಿದ. ನಾನು ಅಷ್ಟು ಎಚ್ಚರದ ಮನುಷ್ಯ.

ನನ್ನ ಹೆಂಡತಿಗೆ ಗೌರಿಬಿದನೂರಿನ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು. ಹಾಗಾಗಿ ಶಿಡ್ಲಘಟ್ಟದಾಚೆ, ಸಾದಲಿ ಕಡೆಗಿರುವ ಅಕ್ಕನ ಮನೆಗೆ ಹೋದೆ. ಅವಳು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಕೆಲಸದ ನಡುವೆಯೇ ನನಗೆ ಬೇರೆ ಪಾತ್ರೆ, ಬೇರೆ ಸೌಟು ಎತ್ತಿಟ್ಟು, ಗಂಜಿ, ಮುದ್ದೆ, ಬಸ್ಸಾರು ಮಾಡಿಕೊಟ್ಟಳು.

ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡುವುದನ್ನು ಆಸ್ಪತ್ರೆಯ ನರ್ಸ್ ಕಲಿಸಿದ್ದಳು. ದಿನಕ್ಕೆರಡು ಸಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ದಿನ ಆರು, ಮರುದಿನ ಐದು. ಮೂರನೆಯ ದಿನ ಏಳಕ್ಕೇರಿತು, ಆಮೇಲೆ ಎಂಟು. ಹೊಟ್ಟೆ ತಮಟೆಯಂತೆ ಬಿಗಿದುಕೊಂಡು ಹಿಂಡುತ್ತಿತ್ತು, ಭೇದಿ ಬೇರೆ. ನೋವಿನ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನುಂಗಬಾರದು. ಈ ಹೊಟ್ಟೆಗೆ ಎರಡು ತುತ್ತು ಸೇರುವುದೇ ಕಷ್ಟ, ಹಾಗಾಗಿ ಮಾತ್ರೆಯೂ ತಪ್ಪುತ್ತಿತ್ತು. ಅನುಮಾನ ಅಕ್ಕನ ರಾಗಿಹಿಟ್ಟಿನ ಮೇಲೆ ಹೋಯಿತು.

“ಮಿಲ್‌ನಲ್ಲಿ ನಿನಗಿಂತ ಮುಂಚೆ ಯಾರೋ ಗೋಧಿ ಬೀಸಿಸಿರ್ತಾರೆ. ಅದೇ ಕಲ್ಲಲ್ಲಿ ನಿನ್ನ ರಾಗೀನೂ,” ಎಂದೆ.

“ಒಂದು ಸೇರು ಅಕ್ಕಿ ಸುರಿದು ಕಲ್ಲು ತೊಳೆಸಿ, ಆಮೇಲೆ ರಾಗಿ ಹಾಕ್ಸಿದೀನಪ್ಪಾ. ಮಿಲ್ಲಿನೋನು ‘ಏನಕ್ಕಾ, ದೇವರ ಪ್ರಸಾದಕ್ಕಾ?’ ಅಂದ. ಹೂಂ ಕಣಪ್ಪ, ನಮ್ಮನೇಲೊಂದು ದೇವರು ಬಂದು ಮಲಗಿದೆ ಅಂದೆ.”

ನಾನು ನಂಬಲಿಲ್ಲ. ಅವಳು ಆ ಹಿಟ್ಟನ್ನೆಲ್ಲ ಹಸುವಿನ ಕಲಗಚ್ಚಿಗೆ ಸುರಿದಳು. ನೋವು ಎಂಟರಲ್ಲೇ ನಿಂತಿತು.

ಎಂಟನೆಯ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಮತ್ತೆ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದಳು. ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಏನೂ ಕಾಣಲಿಲ್ಲ. “ಕಲ್ಲಿನ ಚೂರು ಉಳಿದಿರಬಹುದು. ನಾಲ್ಕು ದಿನ ನೋಡೋಣ. ನೋವು ಇಳೀದಿದ್ರೆ ಮತ್ತೆ ಒಳಗೆ ಹೋಗಿ ನೋಡಬೇಕಾಗುತ್ತೆ. ಬಾಯಿಗೆ ಹಾಕ್ಕೊಂಡಿದ್ದೆಲ್ಲ ಒಂದು ಪಟ್ಟಿ ಮಾಡಿ,” ಎಂದರು ವೈದ್ಯರು. ಮತ್ತೆ ಆ ಆಪರೇಷನ್ ಮೇಜು, ಬೆನ್ನಿಗೆ ಆ ಮರಗಟ್ಟಿಸುವ ಸೂಜಿ.

ಮನೆಗೆ ಬಂದು ಮಧ್ಯಾಹ್ನ ಪಟ್ಟಿಗೆ ಕುಳಿತೆವು. ಅವಳು ಹೇಳಿದಳು, ನಾನು ಬರೆದೆ. ಗಂಜಿ. ಮಜ್ಜಿಗೆ. ಮುದ್ದೆ, ಬಸ್ಸಾರು. ಅನ್ನ, ತಿಳಿಸಾರು. ಮಾತ್ರೆ ಮೂರು ಬಗೆಯದು.

“ಬೆಳಿಗ್ಗೆ ಒಂದು ಚೊಂಬು ಬಾರ್ಲಿ ನೀರು, ಸಾಯಂಕಾಲ ಒಂದು ಚೊಂಬು,” ಎಂದಳು.

ಬಾರ್ಲಿ ಎಂದು ಬರೆದೆ. ಬರೆದದ್ದನ್ನು ನೋಡಿದೆ. ಗ್ಲುಟೆನ್ ಬಾರ್ಲಿಯಲ್ಲೂ ಇದೆ. ಆರು ವರ್ಷದ ಹಿಂದೆ ನನಗೆ ಕೊಟ್ಟಿದ್ದ ನಿಷೇಧದ ಪಟ್ಟಿಯಲ್ಲಿ ಗೋಧಿಯ ಕೆಳಗಿನ ಹೆಸರೇ ಅದು. ಆದರೆ ನಮ್ಮ ಮನೆಗಳಲ್ಲಿ ಬಾರ್ಲಿಯಿಂದ ಯಾರೂ ಅಡುಗೆ ಮಾಡುವುದಿಲ್ಲ. ಉರಿಮೂತ್ರ ಬಂದರೆ, ಕಲ್ಲಾದರೆ ಅಂಗಡಿಯಿಂದ ತರಿಸಿ ಕುದಿಸಿ ಕುಡಿಸುತ್ತಾರೆ. ನಮಗದು ಧಾನ್ಯವಲ್ಲ.

“ಅಕ್ಕಾ, ಎಂಥ ಕೆಲಸ ಮಾಡಿಬಿಟ್ಟೆ! ಬಂದ ದಿನಾನೇ ಚೊಂಬು ಹಿಡ್ಕೊಂಡು ಬಂದು, ಕುಡಿ ಕುಡಿ ಅಂತ ಬಲವಂತ ಮಾಡಿದ್ದು ನೀನೇ ಅಲ್ವಾ?”

ನಾನು ಬೇಕೆಂದು ಸುಳ್ಳು ಹೇಳಲಿಲ್ಲ. ಬಾಗಿಲಲ್ಲಿ ನಿಂತ ಅವಳು, ಸೆರಗಿನಲ್ಲಿ ಸುತ್ತಿ ಹಿಡಿದ ಬಿಸಿ ಚೊಂಬು, ಅವಳ ದನಿ, ಎಲ್ಲವೂ ನನ್ನ ಕಣ್ಣ ಮುಂದಿತ್ತು.

ಅವಳು ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಹುಡುಕಿ, ಒಂದು ವಾಯ್ಸ್ ಮೆಸೇಜ್ ಒತ್ತಿದಳು. ಡಿಸ್ಚಾರ್ಜ್ ಆದ ಬೆಳಿಗ್ಗೆಯದು. ನನ್ನದೇ ದನಿ.

“ಅಕ್ಕಾ, ಉರಿ ತಡೆಯಕ್ಕಾಗ್ತಿಲ್ಲ. ಅರ್ಧ ಕೇಜಿ ಬಾರ್ಲಿ ತರಿಸಿಡು.”

ಅದರ ಕೆಳಗೆ ಅವಳ ದನಿ: “ಅದು ನಿಂಗಾಗ್ತದೇನೋ? ಅದೂ ಗೋಧಿ ಥರಾನೇ ಇರ್ತದಲ್ಲಪ್ಪಾ.”

ಮತ್ತೆ ನಾನು, ನಗುತ್ತ: “ಅದು ಔಷಧಿ ಕಣಕ್ಕಾ, ಊಟ ಅಲ್ಲ. ಓದಿರೋನು ನಾನೋ ನೀನೋ?”

ಅವಳು ಇನ್ನೊಮ್ಮೆ ಒತ್ತಿದಳು. ಬೇಕೆಂದೇ. ನನಗೆ ಒಂದು ಅಕ್ಷರವೂ ನೆನಪಿರಲಿಲ್ಲ. ಆ ಬೆಳಿಗ್ಗೆ ನೋವಿಗೆ ಬಲವಾದ ಚುಚ್ಚುಮದ್ದು ಕೊಟ್ಟಿದ್ದರು, ಅದರ ಮಂಪರು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಮರೆಯುವುದು ಒಂದು. ಆಗದೇ ಇದ್ದದ್ದನ್ನು, ಸೆರಗು ಚೊಂಬುಗಳ ಸಮೇತ ಕಟ್ಟಿಕೊಂಡು, ಅಕ್ಕನ ತಲೆಗೆ ಹೊರಿಸುವುದು ಇನ್ನೊಂದು. ಊರೆಲ್ಲ ಹೇಳಿದ್ದಕ್ಕೆ ಪುರಾವೆ ಕೇಳುತ್ತ ಬಂದವನು ನಾನು. ಈ ಒಂದು ಚಿತ್ರಕ್ಕೆ ಪುರಾವೆ ಕೇಳಬೇಕೆಂದು ಹೊಳೆಯಲೇ ಇಲ್ಲ.

“ತಪ್ಪಾಯ್ತಕ್ಕಾ,” ಎಂದೆ.

“ಹಸು ಹತ್ರ ಹೋಗಿ ಹೇಳು. ಅದೇ ಒಳ್ಳೆ ಹಿಟ್ಟು ತಿಂದಿದ್ದು,” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಅಂದಿನಿಂದ ಬರಿ ನೀರು, ಎಳನೀರು. ವೈದ್ಯರಿಗೆ ಫೋನ್ ಮಾಡಿ ಹೇಳಿದಾಗ, ಬಾರ್ಲಿ ನಿಲ್ಲಿಸಿ ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಮರುದಿನವೂ ಎಂಟು. ಅದರ ಮರುದಿನ ಆರು. ಹೊಟ್ಟೆ ಸಡಿಲಾಯಿತು, ಅಕ್ಕ ಹೊಸದಾಗಿ ಬೀಸಿಸಿದ ಹಿಟ್ಟಿನ ಅರ್ಧ ಮುದ್ದೆ ಸೇರಿತು, ಅದರ ಮೇಲೆ ಮಾತ್ರೆ ನುಂಗಲು ಸಾಧ್ಯವಾಯಿತು. ನಾಲ್ಕನೆಯ ದಿನ ನಾಲ್ಕು ಎಂದು ಬರೆದೆ. ಉಳಿದದ್ದು ಸ್ಟೆಂಟಿನದೇ ನೋವು.

ಅವತ್ತೇ ಹೋಗಿ ತೋರಿಸಿದೆವು. ವೈದ್ಯರು ಹೊಟ್ಟೆ ಒತ್ತಿ ನೋಡಿ, ಮತ್ತೆ ಒಳಗೆ ಹೋಗುವ ಅಗತ್ಯವಿಲ್ಲ, ಸ್ಟೆಂಟನ್ನು ಮೊದಲೇ ಹೇಳಿದ ದಿನ ತೆಗೆಯೋಣ ಎಂದರು. ನನಗೆ ಅಷ್ಟಕ್ಕೇ ಎದ್ದು ಬರಲಾಗಲಿಲ್ಲ.

“ಹಾಗಾದ್ರೆ ಬಾರ್ಲಿಯಿಂದಲೇ ಆಗಿದ್ದು ಅಂತ ಖಚಿತವಾ ಡಾಕ್ಟ್ರೇ? ತಾನಾಗಿಯೇ ಇಳಿದಿದ್ರೂ ಇರಬಹುದಲ್ವಾ?”

“ಇರಬಹುದು. ಖಚಿತ ಆಗಬೇಕಂದ್ರೆ ಮತ್ತೆ ಎಂಟು ದಿನ ಕುಡಿದು ನೋಡಬೇಕು. ಕುಡೀತೀರಾ?”

ನಾನು ನಿಜವಾಗಿಯೂ ಯೋಚಿಸುತ್ತಿದ್ದೆ.

“ಏಳೋ ಮೇಲೆ!” ಎಂದು ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಳು.