ರತ್ನಾಬಾಯಿ ಬಂದಾಗ ಕೆಡುತ್ತಿದ್ದ ದೀಪ

ರತ್ನಾಬಾಯಿಯವರೇ, ಆ ದೀಪಗಳು ನಿಮ್ಮಿಂದ ಕೆಡಲಿಲ್ಲ. ಕೆಡಿಸಿದವನು ನಾನು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಅದು ಇನ್ನೂ ದೊಡ್ಡ ತಪ್ಪು.

ನೆನಪನ್ನು ನಾನು ನಂಬುವುದಿಲ್ಲ. ನೀವು ನೀಲಿ ಸೀರೆ ಉಟ್ಟಿದ್ದಿರಿ ಎಂದು ಬರೆದೆ, ಹೊಡೆದು ಹಾಕಿದೆ. ದೀಪದ ಮುಂದೆ ನೀಲಿ ಹಾಳೆ ಕಟ್ಟಿದವನು ನಾನೇ. ಬಿಳಿ ಸೀರೆಯೂ ನೀಲಿಯಾಗಿ ಕಂಡೀತು. ಆದರೆ ಬಲ್ಬು ಹೋದದ್ದು ಸುಳ್ಳಲ್ಲ. ನಮ್ಮೂರು ಉಟಗಿಯ ನಾಟಕಗಳಿಗೆ ನಾಯಕಿಯಾಗಿ ನೀವು ವಿಜಯಪುರದಿಂದ ಬರುತ್ತಿದ್ದಿರಿ. ಉಳಿದ ಪಾತ್ರಗಳು ಊರವರವು. ನಾನು ಲೈಟಿನವನು. ನೀವು ರಂಗಕ್ಕೆ ಬಂದು ನಾಲ್ಕು ಮಾತು ಆಡುವಷ್ಟರಲ್ಲಿ ಬದಿಯ ಹ್ಯಾಲೊಜನ್ ಫಟ್ ಎನ್ನುತ್ತಿತ್ತು. ಬೇರೆ ಬಲ್ಬು ಹಾಕಿದರೆ ನಿಮ್ಮ ಮುಂದಿನ ಪ್ರವೇಶಕ್ಕೆ ಅದೂ. ಜನ ಮೊದಲು ನಕ್ಕರು. ಆಮೇಲೆ ನಗಲಿಲ್ಲ, ಕಾಲ್ಗುಣ ಎಂದರು.

ಕಾರಣ ಹುಡುಕಿದೆ. ಜನರೇಟರಿನ ವೋಲ್ಟೇಜ್ ನೋಡಿದೆ. ಹೋಲ್ಡರಿನೊಳಗಿನ ಕಪ್ಪು ಉಜ್ಜಿ ತೆಗೆದೆ. ಗಾಜಿಗೆ ಬೆರಳಿನ ಜಿಡ್ಡು ತಾಗದಂತೆ ಬಟ್ಟೆಯಲ್ಲಿ ಹಿಡಿದು ಬಲ್ಬು ಕೂಡಿಸಿದೆ. ಎಲ್ಲ ಸರಿ. ಅದೇ ಲೈನಿನ ಬೇರೆ ದೀಪಗಳು ಉರಿಯುತ್ತಲೇ ಇದ್ದವು. ಕೆಡುತ್ತಿದ್ದದ್ದು ಒಂದೇ — ನಾನು ಕೈಯಲ್ಲಿ ಹಿಡಿದದ್ದು. ನೀವು ನಡೆದತ್ತ ಅದನ್ನು ತಿರುಗಿಸುತ್ತಿದ್ದೆ. ಸ್ಟ್ಯಾಂಡಿನ ತಿರುಪು ಬಿಗಿ, ಜಗ್ಗುತ್ತಿದ್ದೆ. ಕಾದ ಬಲ್ಬಿನೊಳಗಿನ ತಂತಿಯ ಎಳೆ ಮೆತ್ತಗಾಗಿರುತ್ತದೆ, ಜಗ್ಗಿದರೆ ಹರಿಯುತ್ತದೆ. ಒಂದು ಮಧ್ಯಾಹ್ನ ಮನೆಯಲ್ಲಿ ದೀಪ ಹಚ್ಚಿ, ಕಾಯಲು ಬಿಟ್ಟು, ಹಾಗೇ ಜಗ್ಗಿ ನೋಡಿದೆ. ಫಟ್. ಅಲ್ಲಿ ನೀವಿರಲಿಲ್ಲ.

ಬೇರೆ ಯಾರ ಹಿಂದೆಯೂ ನಾನು ಬೆಳಕು ತಿರುಗಿಸಿದವನಲ್ಲ. ತಿರುಗಿಸು ಎಂದು ಯಾರೂ ಹೇಳಿರಲಿಲ್ಲ. ನಿಮ್ಮ ಮುಖ ಕತ್ತಲಿಗೆ ಹೋಗಬಾರದು ಅಂತ — ಕಸುಬಿನ ಶ್ರದ್ಧೆ ಎಂದು ಬರೆಯಬಹುದು. ಬರೆಯುವುದಿಲ್ಲ.

ಮುಂದೆ ನಾವು ಕುಣಿಕೋಣೂರಿನಲ್ಲಿ ಆಡಿದ ನಾಟಕಕ್ಕೆ ಬೇರೆ ನಟಿ ಬಂದರು. ಆ ದೀಪವನ್ನು ತಂತಿಯಿಂದ ಬಿಗಿದು ಕಟ್ಟಿದೆ, ಮುಟ್ಟಲಿಲ್ಲ. ಕೊನೆಯವರೆಗೂ ಉರಿಯಿತು. ನಾಟಕ ಕಲಿಸುವ ನಮ್ಮ ಮಾಸ್ತರರು ಎಲ್ಲರಿಗೂ ಕೇಳುವಂತೆ ಅಂದರು:

"ನೋಡ್ರೆಪಾ, ಆಕಿ ಇಲ್ಲ, ಒಂದ್ ಬಲ್ಬರೆ ಹೋತೇನು?"

ನಾನು ವೈರು ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

ಮರುವರ್ಷ ತಾಲೀಮಿಗೆ ಬಂದ ನಿಮಗೆ ಮಾಸ್ತರರು ಬಾಗಿಲಲ್ಲೇ ಕೈಮುಗಿದು, "ಈ ಸಲ ಬ್ಯಾಡ್ರಿ ಬಾಯಾರ" ಅಂದರು. ಎಸ್‌ಟಿ ಬಸ್ಸು ನಿಲ್ಲುವ ಜಾಗದ ತನಕ ನಿಮ್ಮ ಚೀಲ ಹೊತ್ತವನು ನಾನು — ಅಥವಾ ಹೊತ್ತೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆ. ನೀವು ಕೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ.

"ತಮ್ಮಾ, ಲೈಟಿನಾಂವ ನೀ. ಖರೇ ಹೇಳು, ನಾ ಬಂದ್ರ ದೀಪ ಹೋಗ್ತಾವೇನು?"

"ಏನ್ ಹೇಳೂದ್ರಿ ಅಕ್ಕಾರ... ಮಷೀನದ್ದು ತಿಳಿಯೂದಿಲ್ರಿ."

ನೀವು ನಕ್ಕಿರಿ. "ಹಂಗಾರ ಇನ್ಮ್ಯಾಲೆ ಕತ್ತಲ್ದಾಗ ಪಾರ್ಟ ಮಾಡ್ತೀನಿ ತಗೊ."

ಬಸ್ಸು ಹೋಯಿತು. ಕಾಲ್ಗುಣದ ಮಾತು ನಿಮಗಿಂತ ಮೊದಲೇ ಊರೂರು ಮುಟ್ಟಿತು. ಈ ಸೀಮೆಯ ಯಾವ ನಾಟಕದಲ್ಲೂ ಮತ್ತೆ ನಿಮ್ಮನ್ನು ನೋಡಲಿಲ್ಲ.

ಈಗ ಎಲ್ಲ ಎಲ್‌ಇಡಿ. ಹೋದ ವಾರ ತಾಲೀಮಿನಲ್ಲಿ ಯಾರೋ ತಾಯಿಯ ಪಾತ್ರಕ್ಕೆ ನಿಮ್ಮ ಹೆಸರು ಎತ್ತಿದರು. ಮುದುಕರಾದ ಮಾಸ್ತರರು, "ಆಕಿ? ಬ್ಯಾಡೋ, ಊರಿಗೇ ಕತ್ತಲಿ!" ಅಂದರು. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ.

"ಬಲ್ಬ ಕೆಡಿಸಿದಾಂವ ನಾನ್ರಿ ಮಾಸ್ತರ. ಜಗ್ಗಿ ಜಗ್ಗಿ ಕೆಡಿಸೇನಿ. ಆಕೀದೇನೂ ತಪ್ಪಿಲ್ರಿ."

ಮಾಸ್ತರರು, "ಹೋಗ್ಲಿ ಬಿಡೋ, ಹಳೇದು. ಬೇಕಂತ ಮಾಡಿದ್ದೇನು ನೀ? ಕುಂದ್ರು, ಚಹಾ ಕುಡಿ" ಅಂದರು. ತಾಯಿಯ ಪಾತ್ರಕ್ಕೆ ಬೇರೆಯವರ ಹೆಸರು ನಿಶ್ಚಯವಾಯಿತು.

ನಾನು ಮಾಡಿದ್ದನ್ನು ಅವರು ಅಷ್ಟರಲ್ಲೇ ಕ್ಷಮಿಸಿದರು. ನೀವು ಮಾಡದೇ ಇದ್ದದ್ದನ್ನು ಇನ್ನೂ ಕ್ಷಮಿಸಿಲ್ಲ.

ನಾನು ಕೂತು ಆ ಚಹಾ ಕುಡಿದೆ.