ನಾಶವಾಗದ ಊರು

ನಮ್ಮ ಪಕ್ಕದ ಮನೆಯ ಅಜ್ಜಿ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯ್ದೂ ನೇಯ್ದೂ ಕಣ್ಣು ಮಂಜಾದವರು. ಗಂಡ ತೀರಿಕೊಂಡ ಮೇಲೆ ಕ್ರೈಸ್ತರಾಗಿ, ದೇವಸಮುದ್ರಕ್ಕೆ ಬಂದು ಒಬ್ಬರೇ ಇದ್ದರು. ಅಕ್ಷರ ಬರುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದ ನಾನು ಸಂಜೆ ಅವರಿಗೆ ಬೈಬಲ್ ಓದಿ ಹೇಳುತ್ತಿದ್ದೆ. ನಮ್ಮ ಮನೆಯವರದು ಬೇರೆ ದೇವರು. ನನಗೆ ಯಾವ ದೇವರ ಮೇಲೂ ಅಷ್ಟಾಗಿ ನಂಬಿಕೆ ಇರಲಿಲ್ಲ. ಅಜ್ಜಿ ಮಾಡುವ ಮಂಡಕ್ಕಿ ಒಗ್ಗರಣೆ ಮಾತ್ರ ಬಹಳ ಇಷ್ಟವಾಗುತ್ತಿತ್ತು.

ಒಂದು ಸಂಜೆ ಓದುವಾಗ ತೂರ್ ಎಂಬ ಕಡಲೂರಿನ ಮಾತು ಬಂತು. ಆ ಊರು ಹಾಳಾಗುತ್ತದೆ, ಮತ್ತೆಂದೂ ಅದನ್ನು ಕಟ್ಟುವವರಿಲ್ಲ ಎಂದು ಪ್ರವಾದಿ ನುಡಿದಿದ್ದ.

“ಹಂಗೇ ಆಗಿರ್ತೈತೆ ನೋಡಮ್ಮಾಯಿ. ದೇವ್ರು ಹೇಳಿದ್ದು ಒಂದೂ ತಪ್ಪಲ್ಲ,” ಎಂದರು ಅಜ್ಜಿ.

ಸುಮ್ಮನಿದ್ದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಮೊಬೈಲ್ ತೆಗೆದು ಹುಡುಕಿದೆ.

“ಇಲ್ಲಜ್ಜಿ, ಆ ಊರು ಈಗ್ಲೂ ಐತೆ. ಜನ ಅದಾರೆ, ಅಂಗಡಿ ಅದಾವೆ, ದೋಣ್ಯಾಗೆ ಮೀನು ಹಿಡೀತಾರೆ.”

ದನಿಯಲ್ಲಿ ಗೆದ್ದ ಖುಷಿಯಿತ್ತು. ಅಜ್ಜಿ ತಟ್ಟೆ ಎತ್ತಿಕೊಂಡು, ಬಾಗಿಲು ತಡವುತ್ತ ಒಳಗೆ ಹೋದರು.

ಸ್ವಲ್ಪ ದಿನಕ್ಕೆ ಅವರ ಕಣ್ಣಿನ ಆಪರೇಷನ್ ಇತ್ತು. ಚಳ್ಳಕೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಅಜ್ಜಿ ಒಮ್ಮೆಲೇ ನನ್ನ ಕೈ ಹಿಡಿದು ಕೇಳಿದರು:

“ಕುರುಡ್ರ ಕಣ್ಣು ತೆರೀತಾವೆ ಅಂತ ಇನ್ನೊಬ್ಬ ಪ್ರವಾದಿ ಹೇಳ್ಯಾನಲ್ಲ. ಅದೂ ಆ ಊರಿನಂಗೇನಾ?”

ಆಪರೇಷನ್ ಎಂದರೆ ಹೆದರಿ ಮುಂದೂಡುತ್ತಲೇ ಬಂದಿದ್ದವರು ಆ ಒಂದು ಮಾತನ್ನು ನಂಬಿ ಒಪ್ಪಿದ್ದರು. ಅದು ನನಗೆ ಗೊತ್ತಾದದ್ದೇ ಆಗ.

“ಡಾಕ್ಟ್ರು ಒಳ್ಳೇವ್ರು, ಹೆದ್ರಬ್ಯಾಡ್ರಿ,” ಎಂದೆ.

ಅವರು ಕೇಳಿದ್ದು ಡಾಕ್ಟರ ವಿಷಯವಲ್ಲ.

ಬಲಗಣ್ಣಿಗೆ ಬೆಳಕು ಬಂತು. ಎಡಗಣ್ಣಿನ ನರವೇ ಒಣಗಿದೆ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದರು ಡಾಕ್ಟರು. ಅದಕ್ಕೂ ನನ್ನ ಮಾತಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ತಲೆ ಎತ್ತಲಾಗಲಿಲ್ಲ. ಆ ಹಳೆಯ ನುಡಿಗಳು ನಾಳೆಯನ್ನು ಕಂಡು ಬರೆದವೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅವುಗಳ ಆಸರೆಯಲ್ಲಿ ಆಸ್ಪತ್ರೆಗೆ ಹೊರಟವರ ಕೈಯಿಂದ ನಾನು ಆ ಆಸರೆಯನ್ನೇ ಕಿತ್ತುಕೊಂಡಿದ್ದೆ, ಅದೂ ಬರೀ ವಾದಕ್ಕಾಗಿ.

ಮನೆಗೆ ಬಂದ ಮೇಲೆ ಮತ್ತೆ ಓದಲು ಕೂತೆ.

“ಇವತ್ತು ಯಾವ್ದು ಓದ್ಲಜ್ಜಿ?”

“ನೀನೇ ನೋಡು. ನಿಂಗೆ ನಿಜ ಅನ್ನಿಸಿದ್ದು ಓದು,” ಎಂದರು. ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು.

ಬಹಳ ಹೊತ್ತು ಪುಟ ತಿರುವಿದೆ. ಕೊನೆಗೆ, ಯಾರೋ ಕಷ್ಟದಲ್ಲಿ ದೇವರನ್ನು ಕೂಗಿ ಕರೆಯುವ ಒಂದು ಕೀರ್ತನೆ ಸಿಕ್ಕಿತು. ಆ ಕೂಗು ನಿಜ ಅನ್ನಿಸಿತು; ಅದನ್ನೇ ಓದಿದೆ.